ಚಿಕ್ಕೀರ ಕಳಿಸಿದ ಒಮಾನಿನ ಫೋಟೊ

ಹತ್ರ ಸರ್ಕೊಂಡು ಕೂತ್ಕೊಳ್ಳಿ. ಹೂಂಗುಟ್ಟದವರಿಗೆ ನಾನು ಕತೆ ಹೇಳಾಕಿಲ್ಲ, ಮೊದ್ಲೇ ಹೇಳಿದೀನಿ.

ಜವರಮ್ಮಂಗೆ ಒಬ್ಬನೇ ಮಗ, ಚಿಕ್ಕೀರ. ಪೆದ್ದ ಅಂದ್ರೆ ಅಂತಿಂಥ ಪೆದ್ದನಲ್ಲ. "ಬಾಗಿಲು ನೋಡ್ಕೊಳ್ಳೋ" ಅಂದ್ರೆ ಸಂಜೆ ತನಕ ಬಾಗಿಲನ್ನೇ ನೋಡೋನು. ಯಾರೋ ಪುಣ್ಯಾತ್ಮರು ಅವನನ್ನ ಒಮಾನ್ ದೇಶಕ್ಕೆ ಕರ್ಕೊಂಡೋಗಿ, ಖರ್ಜೂರದ ತೋಟಕ್ಕೆ ನೀರು ಹಾಯಿಸೋ ಕೆಲಸಕ್ಕೆ ಹಾಕಿದ್ರು.

ಇತ್ತ ಊರಲ್ಲಿ ಹೆಣ್ಣು ಗೊತ್ತಾಯ್ತು. ಆದ್ರೆ ಹೆಣ್ಣಿನಪ್ಪ ಬೋರಲಿಂಗಪ್ಪ ಮಹಾ ಅನುಮಾನದ ಮನುಷ್ಯ. ಮಜ್ಜಿಗೆ ಕೊಟ್ರೂ ಎರಡು ಸಲ ಮೂಸಿ ಕುಡಿಯೋನು. "ಅಲ್ಲಿ ಎಂಥೋರ ಜೊತೆ ಇದಾನೋ ಏನೋ! ಆ ಊರ ಜನದ್ದೊಂದು ಫೋಟೊ ತರ್ಸಮ್ಮ. ಹೆಣ್ಣು ಕೊಡೋ ಮಾತು ಆಮೇಲೆ" ಅಂದ. ಆಗಲೇ ಮೂರು ಸಂಬಂಧ ತಪ್ಪಿಹೋಗಿತ್ತು. ಇದೂ ತಪ್ಪಿದ್ರೆ ಗತಿ ಏನು ಅಂತ ಜವರಮ್ಮಂಗೆ ದಿಗಿಲು. ಮಗಂಗೆ ಫೋನ್ ಮಾಡಿ ಹೇಳಿದ್ಲು: "ಜನ ನಗ್ತಾ ಇರುವಾಗ ಪಟ್ ಅಂತ ಫೋಟೊ ಹೊಡಿ, ಮಗ!"

"ಹಂಗೇ ಆಗ್ಲಿ ಕಣವ್ವ."

ತೋಟದ ಪಕ್ಕದ ಮನೆ ಖಲ್ಫಾನ್ ಅಜ್ಜಂದು. ದೇವರಂಥ ಮನುಷ್ಯ. ದಾರೀಲಿ ಹೋಗೋರನ್ನೂ ಕರೆದು ಖರ್ಜೂರ, ಕಾಫಿ ಕೊಡೋನು. ಚಿಕ್ಕೀರ ಹೋದ. ಪರದೆ ಒಳಗೆ ಹೆಂಗಸರು ನಗೋದು ಕೇಳಿಸ್ತು. ನಗ್ತಾ ಇದಾರಲ್ಲ! ಪರದೆ ಸರಿಸಿ ಪಟ್ ಅಂತ ಹೊಡೆದೇಬಿಟ್ಟ. ಒಳಗಿಂದ ಚಪ್ಪಲಿ ಬಂತು. ಫೋನಲ್ಲಿ ಸುದ್ದಿ ಕೇಳಿ ಜವರಮ್ಮ ಬೈದ್ಲು:

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲೇ! ಕೇಳದೆ ಹೊಡೀತಾರೇನೋ? ಎದುರಿಗೆ ಯಾರೇ ಬಂದ್ರೂ ಮೊದ್ಲು ಅಪ್ಪಣೆ ಕೇಳು. ಹೂಂ ಅಂದ್ಮೇಲೆ ಹೊಡಿ!"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಎದುರಿಗೆ ಬಂದದ್ದು ಅಜ್ಜನ ಮೇಕೆ. ಹಗ್ಗದ ಮೇಲೆ ಒಣಗ್ತಿದ್ದ ಅಜ್ಜನ ಬಿಳಿ ನಿಲುವಂಗಿಗೆ ಬಾಯಿ ಹಾಕ್ತು. "ಫೋಟೊ ಹೊಡೀಲಾ?" ಮೇಕೆ ತೋಳು ತಿಂತು. "ಹೊಡೀಲಾ?" ಬೆನ್ನು ತಿಂತು. "ಹೂಂ ಅನ್ನೇ ತಾಯಿ!" ಕೊರಳಿಗೆ ಬರೋ ಹೊತ್ತಿಗೆ ಅಜ್ಜ ಓಡಿ ಬಂದ. ಅಂಥ ಅಜ್ಜಂಗೂ ಅನುಮಾನ ಹುಟ್ತು. ನಿನ್ನೆ ಪರದೆ, ಇವತ್ತು ಮೇಕೆ, ಇವನು ಕಳ್ಳನೇ ಇರಬೇಕು! ಇದನ್ನ ಕೇಳಿ ಜವರಮ್ಮ ಫೋನಲ್ಲೇ ಉಗಿದ್ಲು:

"ಥೂ ನಿನ್ನ! ಮೊದ್ಲು ಹೋಗಿ ತಪ್ಪಾಯ್ತು ಅನ್ನು. ಅವರ ಜೊತೆ ಕೂತ್ಕೊ. ಕೊಟ್ಟದ್ದನ್ನ ಬೇಡ ಅನ್ಬೇಡ. ಆಮೇಲೆ ಫೋಟೊ!"

"ಹಂಗೇ ಆಗ್ಲಿ ಕಣವ್ವ."

ಚಿಕ್ಕೀರ ಹೋಗಿ ತಪ್ಪಾಯ್ತು ಅಂದ, ಅಜ್ಜ ಕೂರಿಸಿ ಕಾಫಿ ತಂದ. ಆ ದೇಶದಲ್ಲೊಂದು ಪದ್ಧತಿ. ಕಾಫಿ ಸಾಕಾದ್ರೆ ಪುಟ್ಟ ಬಟ್ಟಲನ್ನ ಕೈಲಿ ಹಿಡಿದು ಅಲ್ಲಾಡಿಸ್ಬೇಕು. ಅಲ್ಲೀತನಕ ಹುಯ್ತಾನೇ ಇರ್ತಾರೆ. ಇವನಿಗೇನು ಗೊತ್ತು? ಅಜ್ಜ ಹುಯ್ದ, ಇವನು ಕುಡಿದ. ಹುಯ್ದ, ಕುಡಿದ. ಅಜ್ಜನ ಸೊಂಟ ಹಿಡ್ಕೊಳ್ತು. ಮೂವತ್ತನೇ ಬಟ್ಟಲಿಗೆ ಚಿಕ್ಕೀರನ ಕೈ ತಾನೇ ಗಡಗಡ ನಡುಗ್ತು, ಬಟ್ಟಲೂ ಅಲ್ಲಾಡ್ತು. ಸದ್ಯ ಬದುಕ್ದೆ ಅಂತ ಅಜ್ಜ ಹೂಜಿ ಕೆಳಗಿಟ್ಟ. ಚಿಕ್ಕೀರ ಅದೇ ನಡುಗೋ ಕೈಲಿ ಫೋಟೊ ಹೊಡೆದ. ಎಲ್ಲಾ ಮಸುಕು, ಒಬ್ಬರಿಗೂ ಮುಖ ಇಲ್ಲ!

ಊರಲ್ಲಿ ಅದನ್ನ ನೋಡಿ ಬೋರಲಿಂಗಪ್ಪ ಕಣ್ಣು ಕಿರಿದು ಮಾಡಿದ. "ಮುಖ ಯಾಕಮ್ಮ ಅಳಿಸಿದ್ದೀರಿ? ಏನೋ ಮುಚ್ಚಿಡ್ತಾ ಇದೀರಿ. ಇನ್ನೊಂದೇ ಫೋಟೊ ನೋಡ್ತೀನಿ. ಆಮೇಲೆ ಬೇರೆ ಗಂಡು ಹುಡುಕ್ತೀನಿ."

ಜವರಮ್ಮ ಅಳ್ತಾ ಫೋನ್ ಮಾಡಿದ್ಲು. "ಲೋ, ಇದೇ ಕೊನೆ! ನೀನು ಹೊಡೀಬೇಡ, ಬೇರೆಯವರ ಕೈಗೆ ಕೊಡು. ಆ ಮನೆ ಮಗನ ಹಂಗೆ ಮಧ್ಯೆ ಕೂತ್ಕೊ. ಬೀಗರು ಫೋನ್ ಮಾಡಿ ಯಾರಿವರು ಅಂದ್ರೆ ತಡವರಿಸ್ಬೇಡ. ಯಾರನ್ನ ತೋರಿಸಿ ಕೇಳಿದ್ರೂ ನಮ್ಮೋರೇ ಅನ್ನು!"

"ಹಂಗೇ ಆಗ್ಲಿ ಕಣವ್ವ."

ಚಿಕ್ಕೀರ ಅಜ್ಜನ ಕಾಲು ಹಿಡಿದು, ಮದುವೆ ತಪ್ಪೋಗ್ತದೆ ಅಂತ ಅತ್ತ. ಅಜ್ಜ ಕರಗಿಹೋದ. ತನ್ನ ಮಗನ ನಿಲುವಂಗಿ ತೊಡಿಸಿ, ತಲೆಗೆ ಕಸೂತಿ ಟೋಪಿ ಇಟ್ಟು, ಮೂರು ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತ. ಎಲ್ಲರೂ ಬಾಯ್ತುಂಬ ನಕ್ರು. ಎಂಥ ಚಂದದ ಫೋಟೊ ಅಂತೀರಿ!

ಬೋರಲಿಂಗಪ್ಪ ಮೂಗಿಗೆ ತಾಗೋ ಹಂಗೆ ಹಿಡ್ಕೊಂಡು ನೋಡಿದ. ಜವರಮ್ಮನ ಎದುರೇ ಫೋನ್ ಹಚ್ಚಿದ.

"ಏನಪ್ಪಾ, ತೊಡೆ ಮೇಲಿರೋ ಈ ಮಕ್ಕಳು ಯಾರವು?"

"ನಮ್ಮವೇ, ಮಾವ!"

"ಮೂರೂನಾ?"

"ಮೂರೂ ನಮ್ಮವೇ! ಇನ್ನೊಂದು ಒಳಗೆ ತೊಟ್ಟಿಲಲ್ಲಿ ಮಲಗಿದೆ!"

"ಇವುಗಳ ತಾಯಿ?"

"ಅಯ್ಯೋ, ಅವಳೂ ನಮ್ಮೋಳೇ, ಮಾವ!"

ಬೋರಲಿಂಗಪ್ಪ ಫೋನನ್ನ ಜವರಮ್ಮನ ಕೈಗಿಟ್ಟು, ಟವಲ್ ಕೊಡವಿ, ಎದ್ದು ಹೊರಟೇಹೋದ. ಆ ತಾಯಿ ಬಾಯಿ ತೆರೆಯೋ ಮುಂಚೆ ಆ ಕಡೆಯಿಂದ ಚಿಕ್ಕೀರ ಕೂಗಿದ:

"ಅವ್ವಾ, ಮಾವಂಗೆ ಇನ್ನೇನೂ ಅನುಮಾನ ಉಳೀಲಿಲ್ಲ ತಾನೇ?"