ದಿಬ್ಬಣದ ಬಸ್ಸಿನ ಆಯಿಲ್ ಲೆಕ್ಕ

ಗಂಗಾವತಿಯ ಬಸ್ ಮ್ಯಾನೇಜರ್ ಪಂಪಾಪತಿ ಸಾಹೇಬರಿಗೆ ಒಂದು ಆನ್‌ಲೈನ್ ಕ್ಯಾಲ್ಕುಲೇಟರ್ ಸಿಕ್ಕಿತ್ತು. ಎಂಜಿನ್ನಿನಲ್ಲಿ ನಿಮಿಷಕ್ಕೆ ಎಷ್ಟು ಆಯಿಲ್ ಹರಿಯುತ್ತದೆ ಎಂದು ಅದು ಹೇಳುತ್ತದಂತೆ. ಮದುವೆ ದಿಬ್ಬಣ ಬಸ್ಸು ಹತ್ತಿ ಕೂತಿತ್ತು. ಸಾಹೇಬರು ಮೊಬೈಲು ಹಿಡಿದು ಬಸ್ಸಿಗೆ ಅಡ್ಡ ನಿಂತರು.

"ಆಯಿಲ್ ಲೆಕ್ಕ ಸಿಗೋತನಕ ಗಾಡಿ ಬಿಡಂಗಿಲ್ಲ!"

ಮುಹೂರ್ತ ಹತ್ತಿರವಾಗಿತ್ತು. ಒಳಗೆ ಮದುಮಗ ಬೆವರುತ್ತಿದ್ದ. ಡ್ರೈವರ್ ಯಮನೂರಪ್ಪ ಮೊಬೈಲಿನತ್ತ ಇಣುಕಿ ಕೈಮುಗಿದ.

"ಸಾಹೇಬ್ರ, ಎಂಜಿನ್ ಎಷ್ಟು ಜೋರು ತಿರುಗ್ತೈತಿ ಅಂತ ಇದು ಕೇಳಾಕತ್ತೈತಿ. ನಿಂತ ಗಾಡಿ ಅಂಕಿ ನಿಮ್ಮಂಥಾ ದೊಡ್ಡವ್ರಿಗೆ ಶೋಭೆ ಅಲ್ಲ. ಹತ್ತಿ ಕುಂದರ್ರಿ, ಮೀಟರ್ ನೋಡಿ ಅಂಕಿ ಒತ್ತಕೋತ ಬರ್ರಿ."

ಸಾಹೇಬರು ಗತ್ತಿನಿಂದ ಹತ್ತಿದರು. ಏರಿನಲ್ಲಿ ಒಂದು ಉತ್ತರ ಬಂತು, ಇಳಿಜಾರಿನಲ್ಲಿ ಇನ್ನೊಂದು. ಬರೆದುಕೊಳ್ಳುವಷ್ಟರಲ್ಲಿ ಅದೂ ಬದಲಾಗುತ್ತಿತ್ತು. ಅಷ್ಟರಲ್ಲಿ ಹೆಣ್ಣಿನ ಮನೆ ಚಪ್ಪರ ಬಂತು. ಮದುಮಗ ಜಿಗಿದು ಓಡಿದ.

"ಏ ಯಮನೂರ! ಇದ್ರಾಗ ಯಾವ ಅಂಕಿ ಹಿಡೀಲಿ?" ಸಾಹೇಬರು ಗದರಿದರು.

ಯಮನೂರಪ್ಪ ಎಂಜಿನ್ ಬಂದ್ ಮಾಡಿದ. "ಈಗ ಸೊನ್ನಿ ಹಿಡೀರಿ. ಊಟ ಮುಗಿಯೋತನಕ ಬದಲಾಗಂಗಿಲ್ಲ."

ಸಾಹೇಬರು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಮೊಬೈಲು ಕಿಸೆಗೆ ತುರುಕಿ, ಮೊದಲ ಪಂಕ್ತಿಯಲ್ಲೇ ಎಲೆ ಹಿಡಿದರು.