ಅರ್ಧಕ್ಕೆ ನಿಂತ ಮುಳ್ಳು

ಘಟಪ್ರಭೆಯ ದಂಡೆಯ ಮೇಲೆ ಮಠದ ಹಳೇ ಕಾರು ಗಕ್ಕನೆ ನಿಂತಿತು. ಪೆಟ್ರೋಲಿನ ಮುಳ್ಳು ಮಾತ್ರ ಇನ್ನೂ ಅರ್ಧ ಟ್ಯಾಂಕು ತೋರಿಸುತ್ತಿತ್ತು.

ಕಾರು ನಡೆಸುತ್ತಿದ್ದ ಶಿಷ್ಯ ಶಿವಪುತ್ರನಿಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಸೀಟಿನಲ್ಲಿ ಎಲ್ಲರೂ ಅಜ್ಜನವರು ಎನ್ನುವ ಗುರುಗಳು ಕೂತಿದ್ದರು. ಅವರ ಒಂದು ಕಣ್ಣು ಹೋಗಿಯಾಗಿತ್ತು. ಇನ್ನೊಂದಕ್ಕೆ ಇವತ್ತು ಆಪರೇಷನ್. ಪೇಟೆಗೆ ಬಂದ ಡಾಕ್ಟರು ಹನ್ನೆರಡಕ್ಕೆ ಹೊರಟರೆ ಮತ್ತೆ ಬರುವುದು ಮುಂದಿನ ವರ್ಷ.

ಮುಂದಿನ ಸೀಟಿನಲ್ಲಿದ್ದ ಮಠದ ಅಡುಗೆಯ ಲಗಮಣ್ಣ ಕೆಳಗಿಳಿದ. ಕ್ಯಾನು ತೆಗೆದುಕೊಂಡು, ದಾಟಿ ಬಂದ ಬಂಕಿನ ಕಡೆ ನಡೆದ. "ಬಂಕ್ ಬಂತು, ಪೆಟ್ರೋಲ್ ಹಾಕಿಸು" ಎಂದು ಅವನು ಎರಡು ಸಲ ಹೇಳಿದ್ದ. ಶಿವಪುತ್ರ ಕಿವಿಗೇ ಹಾಕಿಕೊಂಡಿರಲಿಲ್ಲ. ಹತ್ತು ತಿಂಗಳಿಂದ ಅವನ ಜೊತೆ ಮಾತು ಬಿಟ್ಟಿದ್ದ, ಹೆಸರೆತ್ತುವುದನ್ನೂ ಬಿಟ್ಟಿದ್ದ.

ಕಾರಣ ಸಂಡಿಗೆ. ಹೋದ ಬೇಸಿಗೆಯಲ್ಲಿ, ಶಿವಪುತ್ರ ಉಜ್ಜಿ ಉಜ್ಜಿ ಹೊಳೆಯಿಸಿದ ಕಾರಿನ ನೆತ್ತಿಯ ಮೇಲೆ ಲಗಮಣ್ಣ ಪಂಚೆ ಹಾಸಿ ಸಂಡಿಗೆ ಹಾಕಿದ. ಉಪ್ಪುನೀರು ಇಳಿದು ಬಣ್ಣ ಎದ್ದಿತು. ಶಿವಪುತ್ರ ಮಠ ಹಾರಿಹೋಗುವಂತೆ ಕೂಗಾಡಿ ಕಾರನ್ನು ಶೆಡ್ಡಿಗೆ ತಳ್ಳಿದ. ಅದು ಹೊರಬಂದದ್ದು ಇವತ್ತೇ.

ಈಗ ಅವನು ಮುಳ್ಳಿನ ಗಾಜು ಒಡೆಯಲು ಕಬ್ಬಿಣದ ಪಾನಾ ಎತ್ತಿದ. ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ.

"ಸುಳ್ಳಬುರುಕ! ಅಜ್ಜಾರ ಕಣ್ಣ ಕಳೀತು ಇದು!"

"ಹೊಡಿಯಪಾ," ಅಜ್ಜನವರು ಅಂದರು. "ತಪ್ಪು ಅದರದ್ದs ಏನ ನೋಡಿ ಹೊಡಿ."

ಮಠಕ್ಕೆ ಬರುವ ಮೊದಲು ಅಜ್ಜನವರು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ತಡವರಿಸುತ್ತ ಇಳಿದು ಡಿಕ್ಕಿ ತೆಗೆಸಿದರು. ಟ್ಯಾಂಕಿನ ಮೇಲಿನ ವೈರು ಬಿಚ್ಚಿ, ಅದರ ತುದಿಯನ್ನು ಕಾರಿನ ತಗಡಿಗೆ ಮುಟ್ಟಿಸಿದರು.

"ಕೀಲಿ ತಿರುವು. ಮುಳ್ಳು ಏನಂತೈತಿ?"

"ಫುಲ್ಲಿಗೆ ಹೋತ್ರಿ."

ಅಜ್ಜನವರು ವೈರು ದೂರ ಹಿಡಿದರು. "ಈಗ?"

"ಬಿತ್ತು."

"ಅದಕ್ಕ ಏನೂ ಆಗಿಲ್ಲ. ಒಳಗಿಂದ ಏನ ಬರತೈತಿ, ಅದನ್ನ ಹೇಳತೈತಿ. ಒಳಗ ನೋಡು."

ಶಿವಪುತ್ರ ಹಲ್ಲು ಕಚ್ಚಿ ಟ್ಯಾಂಕಿನ ಮೇಲಿನ ಬಿಲ್ಲೆ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ. ಪೆಟ್ರೋಲಿನ ಮೇಲೆ ತೇಲಬೇಕಾದ ಬುರುಡೆ ನಟ್ಟನಡುವೆ ಅಂತರದಲ್ಲಿ ನಿಂತಿತ್ತು. ಅದರ ಕಡ್ಡಿಗೆ ಹಳೇ ಪೆಟ್ರೋಲಿನ ಅಂಟು ಹಿಡಿದಿತ್ತು. ಕೆಳಗೆ ಟ್ಯಾಂಕು ಒಣ ಒಣ.

"ಪೆಟ್ರೋಲ್ ಯಾರ ಕದ್ರು?" ಅವನು ಅರಚಿದ.

"ಬಾವಿ ಪಂಪಿಗೆ ನಾನs ತಗಸೀನಿ. ನಿನಗ ಹೇಳಾಕ ಅಡಗಿಯಾಂವ ಬಂದಿದ್ದ. ನೀ ಮುಖದ ಮ್ಯಾಲೆ ಬಾಗಲಾ ಹಾಕಿದಿ."

ಶಿವಪುತ್ರ ಟ್ಯಾಂಕಿನೊಳಗೆ ಮತ್ತೆ ಬಗ್ಗಿ ನೋಡಿದ.

"ಶೆಡ್ಡಿಗೆ ತಳ್ಳಿದ ದಿನ ಪೆಟ್ರೋಲ್ ಎಷ್ಟಿತ್ತು?"

"ಅರ್ಧ, ಅಜ್ಜಾರ."

"ಇದು ಇನ್ನೂ ಅವತ್ತಿಂದನ್ನs ಹೇಳಾಕತ್ತೈತಿ."

ಬಿಸಿಲು ನೆತ್ತಿಗೆ ಬರುತ್ತಿತ್ತು. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕಬೇಕೋ ಶಿವಪುತ್ರನಿಗೆ ತಿಳಿಯಲಿಲ್ಲ. ದೂರದಲ್ಲಿ ಲಗಮಣ್ಣ ತುಂಬಿದ ಕ್ಯಾನನ್ನು ಕೈಯಿಂದ ಕೈಗೆ ಬದಲಿಸುತ್ತ, ಓಡಲಾರದೆ ಓಡುತ್ತ ಬರುತ್ತಿದ್ದ.

ಕಾಲಿನ ಸಪ್ಪಳ ಕೇಳಿ ಅಜ್ಜನವರು ಆ ಕಡೆ ಮುಖ ತಿರುಗಿಸಿದರು.

"ನನಗ ಕಾಣವಲ್ದು, ಶಿವಪುತ್ರ. ಅಲ್ಲಿ ಬರಾಕತ್ತಾಂವ ಯಾರು? ಹೆಸರ ಹಿಡದು ಕರಿ."