ಊರಬಾಗಿಲಲ್ಲಿ ಕೂತ ಗಡಿಯಾರದವನು

"ಬುದ್ಧಿ, ಮೂರು ದೇಶಗಳಿಂದ ಕೆಲಸಕ್ಕೆ ಕರೆ ಬಂದಿದೆ. ಇವುಗಳಲ್ಲಿ ಯಾವುದನ್ನು ನಂಬಲಿ?" ಎಂದು ಯೋರಿಸ್ ಕೇಳಿದ.

ಯೋರಿಸ್ ಯುರೋಪಿನವನು, ಸೇತುವೆ ಕಟ್ಟುವ ಎಂಜಿನಿಯರ್. ಹಿಂದೊಮ್ಮೆ ಕಾವೇರಿಗೆ ಸೇತುವೆ ಕಟ್ಟುವ ಕೆಲಸದ ಮೇಲೆ ಈ ಕಡೆ ಬಂದು ಕೆಲವು ವರ್ಷ ಇದ್ದ. ಆಗ ಮಠದ ಪರಿಚಯವಾಗಿತ್ತು, ಕನ್ನಡವನ್ನೂ ಕಲಿತಿದ್ದ. ಊರಿನವರೆಲ್ಲ ಗುರುಗಳನ್ನು ಬುದ್ಧಿ ಎಂದು ಕರೆಯುತ್ತಿದ್ದುದರಿಂದ ಅವನೂ ಹಾಗೆಯೇ ಕರೆಯುತ್ತಿದ್ದ. ಈಗ ಅವನ ದೇಶದಲ್ಲಿ ಅವನು ದುಡಿಯುತ್ತಿದ್ದ ಕಂಪನಿ ಮುಚ್ಚಿಹೋಗಿತ್ತು, ಗುರುಗಳನ್ನು ಕೇಳಲೆಂದೇ ಅವನು ಮತ್ತೆ ಮಠಕ್ಕೆ ಬಂದಿದ್ದ. ಅಲ್ಲಿ ಹೆಂಡತಿ ಎಲ್ಕೆ ಮನೆಯ ಸಾಮಾನನ್ನೆಲ್ಲ ಕಟ್ಟಿಟ್ಟು, ಮಗಳನ್ನು ಯಾವ ದೇಶದ ಶಾಲೆಗೆ ಸೇರಿಸಬೇಕೆಂದು ತಿಳಿಯದೆ ಕಾಯುತ್ತಿದ್ದಳು. ಸೋಮವಾರದೊಳಗೆ ಉತ್ತರ ಹೇಳದಿದ್ದರೆ ಮೂರು ಕೆಲಸಗಳೂ ಬೇರೆಯವರ ಪಾಲಾಗುತ್ತಿದ್ದವು.

ಆದರೂ ಅವನಿಗೆ ಯಾವುದಕ್ಕೂ ಹೂಂ ಅನ್ನಲು ಧೈರ್ಯ ಬಂದಿರಲಿಲ್ಲ. ಮರಳುಗಾಡಿನ ದೇಶದವರು ಕೇಳಿದ್ದಕ್ಕಿಂತ ಹೆಚ್ಚು ಸಂಬಳ ಕೊಡುತ್ತೇವೆ ಎಂದಿದ್ದರು. ಸುಮ್ಮನೆ ಯಾರಾದರೂ ಅಷ್ಟು ಕೊಡುತ್ತಾರೆಯೇ ಎಂದು ಅವನಿಗೆ ಅನುಮಾನ. ದ್ವೀಪದ ದೇಶದವರು ಇರಲು ಮನೆಯನ್ನೇ ಕೊಡುತ್ತೇವೆ ಎಂದಿದ್ದರು. ಬಾಡಿಗೆಗೆ ಯಾರೂ ಬಾರದ ಮನೆ ಇರಬೇಕು ಎಂದು ಅನುಮಾನ. ಮೂರನೆಯ ದೇಶದವರು ಹೆಚ್ಚಿನದೇನನ್ನೂ ಹೇಳಿರಲಿಲ್ಲ. ಅವರ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ. ಆದ್ದರಿಂದ ಅವನು ಆ ದೇಶಗಳಲ್ಲಿ ಕೆಲಸ ಬಿಟ್ಟು ಬಂದವರನ್ನು ಹುಡುಕಿ ಹುಡುಕಿ ಫೋನಿನಲ್ಲಿ ವಿಚಾರಿಸಿದ್ದ. ಅವರು ಹೇಳಿದ್ದನ್ನು ಕೇಳಿದ ಮೇಲೆ ನಿದ್ದೆಯೂ ಹೋಗಿತ್ತು. ಇದೆಲ್ಲವನ್ನೂ ಅವನು ಒಂದೂ ಬಿಡದೆ ಹೇಳಿದ.

ಗುರುಗಳು ಪೂರ್ತಿ ಕೇಳಿಸಿಕೊಂಡು, ಕೂತುಕೊಳ್ಳಪ್ಪ ಎಂದು ಚಾಪೆ ತೋರಿಸಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಇದ್ದ. ಊರು ಒಳ್ಳೆಯದೇ. ಆದರೆ ಅಲ್ಲಿ ಕೆಟ್ಟ ಗಡಿಯಾರಗಳಿಗಿಂತ ರಿಪೇರಿಯವರೇ ಹೆಚ್ಚಾಗಿದ್ದರು, ಹಾಗಾಗಿ ಹೊಟ್ಟೆ ತುಂಬುತ್ತಿರಲಿಲ್ಲ. ಬೇರೆ ಸೀಮೆಗೆ ಹೋಗಿ ಬದುಕೋಣ ಎಂದು ಅವನು ಹೆಂಡತಿ ಮಗುವಿನ ಜೊತೆ ಹೊರಟ. ದಾರಿಯಲ್ಲಿ ಒಂದು ಘಟ್ಟ ಸಿಕ್ಕಿತು. ಚಳಿಗಾಲದಲ್ಲಿ ಹಿಮ ಬಿದ್ದರೆ ಆ ಘಟ್ಟದ ದಾರಿ ಮುಚ್ಚಿಹೋಗುತ್ತಿತ್ತು. ಅವನು ಅವರಿಬ್ಬರನ್ನು ಘಟ್ಟದ ಬುಡದ ಛತ್ರದಲ್ಲಿ ಬಿಟ್ಟು, ಹಿಮ ಬೀಳುವ ಮೊದಲೇ ಒಂದು ಊರು ಗೊತ್ತುಮಾಡಿ ಬಂದು ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟು ಘಟ್ಟ ದಾಟಿದ.

ಗಡಿಯಾರದವರ ಒಂದು ಅಭ್ಯಾಸ ನಿನಗೆ ಗೊತ್ತಿರಬೇಕು. ಅವರು ಗಡಿಯಾರದ ಮುಖವನ್ನು ನಂಬುವುದಿಲ್ಲ. ಮುಳ್ಳುಗಳು ಏನನ್ನು ಬೇಕಾದರೂ ತೋರಿಸಬಹುದು. ಅವರು ಮೊದಲು ಬೆನ್ನಿನ ಮುಚ್ಚಳ ಬಿಚ್ಚಿ, ಎಲ್ಲಿ ತುಕ್ಕು ಹಿಡಿದಿದೆ, ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹುಡುಕುತ್ತಾರೆ. ಹುಡುಕಿದ್ದು ಸಿಕ್ಕೇ ಸಿಗುತ್ತದೆ. ಸಿಗದೆ ಏನಾಗುತ್ತದೆ? ಸರಿಯಾಗಿ ಓಡುವ ಗಡಿಯಾರವನ್ನು ಯಾರೂ ಅವರ ಅಂಗಡಿಗೆ ತರುವುದೇ ಇಲ್ಲವಲ್ಲ.

ಇವನು ಊರುಗಳನ್ನೂ ಹಾಗೆಯೇ ನೋಡಬೇಕೆಂದುಕೊಂಡ. ಊರಿನ ಒಳಗಿರುವವರು ಊರನ್ನು ಹೊಗಳುತ್ತಾರೆ, ಏಕೆಂದರೆ ಅವರು ಅಲ್ಲೇ ಇರಬೇಕಾದವರು. ನಿಜ ಹೇಳುವವರೆಂದರೆ ಊರು ಬಿಟ್ಟು ಹೊರಟವರು ಮಾತ್ರ. ಆದ್ದರಿಂದ ಯಾವ ಊರಿಗೆ ಹೋದರೂ ಅವನು ಒಳಗೆ ಕಾಲಿಡದೆ, ಊರಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು, ಹೊರಬಂದವರನ್ನು ತಡೆದು, ಯಾಕೆ ಹೊರಟಿರಿ ಎಂದು ಕೇಳುತ್ತಿದ್ದ.

ಮೊದಲನೆಯದು ಸಮುದ್ರದ ದಡದ ಊರು. ಅಲ್ಲಿಂದ ಗಾಡಿ ಕಟ್ಟಿಕೊಂಡು ಹೊರಟ ರೊಟ್ಟಿ ಮಾರುವವನೊಬ್ಬ, ಇಲ್ಲಿಯ ಗಾಳಿಗೆ ಹಿಟ್ಟೆಲ್ಲ ಮುಗ್ಗಲಾಗುತ್ತದೆ ಎಂದು ಬೈದ. ಹಿಟ್ಟಿನ ಗತಿಯೇ ಹೀಗಾದರೆ ಗಡಿಯಾರ ತುಕ್ಕು ಹಿಡಿಯದೆ ಬಿಡುವುದಿಲ್ಲ ಎಂದು ಇವನು ಹೆದರಿ ಎದ್ದ. ಗಡಿಯಾರ ತುಕ್ಕು ಹಿಡಿದರೆ ತನಗೇ ಕೆಲಸ ಎಂಬುದು ಅವನಿಗೆ ಹೊಳೆಯಲಿಲ್ಲ. ಎರಡನೆಯ ಊರಿನಿಂದ ಹೊರಟ ಮೇಷ್ಟರೊಬ್ಬರು, ಇಲ್ಲಿಯವರು ಬೀದಿಯಲ್ಲಿ ನಗುನಗುತ್ತ ಮಾತಾಡುತ್ತಾರೆ, ಮನೆಯೊಳಗೆ ಮಾತ್ರ ಕರೆಯುವುದಿಲ್ಲ ಎಂದರು. ಅಲ್ಲಿಂದಲೂ ಎದ್ದ.

ಮೂರನೆಯ ಊರಿನ ಬಾಗಿಲಲ್ಲಿ ಅವನಿಗೆ ಕಷ್ಟವಾಯಿತು. ಅಲ್ಲಿಂದ ಹೊರಬಂದವರು ಊರನ್ನು ಬೈಯಲೇ ಇಲ್ಲ. ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯೊಬ್ಬಳು ಊರು ಚೆನ್ನಾಗಿದೆಯಪ್ಪ ಎಂದಳು. ಚೆನ್ನಾಗಿದ್ದರೆ ಈ ವಯಸ್ಸಿನಲ್ಲಿ ಊರು ಬಿಟ್ಟು ಯಾಕೆ ಹೋಗುತ್ತಾಳೆ ಎಂದು ಅವನು ಯೋಚಿಸಿದ. ಸಂತೆಗೆ ಮಡಕೆ ಹೊತ್ತು ಹೊರಟ ಕುಂಬಾರ, ಊರಿಗೇನಾಗಿದೆ ಎಂದು ತಿರುಗಿ ಇವನನ್ನೇ ಕೇಳಿದ. ಆಮೇಲೆ, ನೀವು ನಿಮ್ಮೂರು ಬಿಟ್ಟು ಬಂದಿದ್ದೀರಲ್ಲ, ಅದೇನು ಕೆಟ್ಟ ಊರೇ ಎಂದ. ಇಲ್ಲ, ಒಳ್ಳೆಯ ಊರೇ ಎಂದು ಗಡಿಯಾರದವನು ಹೇಳಿದ. ಕುಂಬಾರ ನಕ್ಕು ಮುಂದೆ ಹೋದ. ಆ ನಗುವಿನ ಮೇಲೂ ಇವನಿಗೆ ಅನುಮಾನ ಬಂತು. ಎಲ್ಲರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ, ಹೊರಗಿನವರಿಗೆ ಹೇಳಬೇಡಿ ಎಂದು ಇವರಿಗೆ ಯಾರೋ ಕಲಿಸಿಕೊಟ್ಟಿದ್ದಾರೆ ಎಂದುಕೊಂಡ. ನಿಜ ಹೇಳುವ ಒಬ್ಬನಾದರೂ ಬಂದೇ ಬರುತ್ತಾನೆ ಎಂದು ಕಂಬಳಿ ಹೊದ್ದು ಅಲ್ಲೇ ಕೂತ.

ಚಳಿ ಏರಿತು, ಘಟ್ಟದ ನೆತ್ತಿ ಬೆಳ್ಳಗಾಯಿತು. ಇನ್ನು ಕಾದರೆ ದಾರಿ ಮುಚ್ಚುತ್ತದೆ ಎಂದು ತಿಳಿದ ಹೆಂಡತಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಾನೇ ಘಟ್ಟ ದಾಟಿದಳು. ಊರೂರು ವಿಚಾರಿಸುತ್ತ ಬಂದವಳಿಗೆ ಗಂಡ ಊರಬಾಗಿಲ ಕಟ್ಟೆಯ ಮೇಲೆ ಸಿಕ್ಕಿದ.

"ಒಳಗೆ ಹೋಗಿ ನೋಡಿದಿರಾ?" ಎಂದು ಕೇಳಿದಳು.

"ಇನ್ನೂ ಇಲ್ಲ. ಊರು ಹೇಗೋ ಏನೋ, ಗೊತ್ತಾಗದೆ ಹೋಗುವುದು ಹೇಗೆ?"

"ಹಾಗಾದರೆ ನೀವು ಊರಿನ ಬೆನ್ನು ಬಿಚ್ಚುತ್ತ ಇಲ್ಲೇ ಕೂತಿರಿ. ಮಗುವಿಗೆ ಕೆಮ್ಮು ಹತ್ತಿದೆ, ನಾನು ಬೆಚ್ಚಗಿನ ಜಾಗ ನೋಡುತ್ತೇನೆ" ಎಂದು ಅವಳು ಬಾಗಿಲು ದಾಟಿ ಒಳಗೆ ಹೋದಳು.

ಅವನಿಗೂ ಹಿಂದೆಯೇ ಹೋಗಬೇಕೆನ್ನಿಸಿತು. ಒಂದು ಕಾಲನ್ನು ಕಟ್ಟೆಯಿಂದ ಕೆಳಗೂ ಇಟ್ಟ. ಆದರೆ ಇಷ್ಟು ಕಾದದ್ದಾಗಿದೆ, ಹೊರಬರುವ ಇನ್ನೊಬ್ಬರನ್ನು ಕೇಳಿಬಿಟ್ಟರೆ ಮನಸ್ಸಿಗೆ ಸಮಾಧಾನ ಎಂದು ಆ ಕಾಲನ್ನು ಮತ್ತೆ ಮೇಲಕ್ಕೆ ಎಳೆದುಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಯೋರಿಸ್ ಮುಂದಕ್ಕೆ ಬಾಗಿ ಕೂತಿದ್ದ. ಆ ಇನ್ನೊಬ್ಬರು ಏನು ಹೇಳಿದರು ಎಂಬುದರಲ್ಲೇ ತನ್ನ ಪ್ರಶ್ನೆಗೂ ಉತ್ತರ ಇದೆಯೆಂದು ಅವನಿಗೆ ಅನ್ನಿಸಿತ್ತು.

"ಆಮೇಲೆ ಯಾರಾದರೂ ಹೊರಗೆ ಬಂದರೇ, ಬುದ್ಧಿ?" ಎಂದು ಕೇಳಿದ.

"ಬಂದಳಪ್ಪ, ಅವನ ಹೆಂಡತಿಯೇ, ಅಡುಗೆಯಾಗಿದೆ ಬನ್ನಿ ಎಂದು ಕರೆಯಲು. ಊರು ಬಿಟ್ಟು ಯಾಕೆ ಹೊರಟೆ ಎಂದು ಅವನು ಅವಳನ್ನೂ ಕೇಳಿದ."